ಹಸಿ ತಾಲೀಮಿನ ನಲವತ್ತು ಸೆಕೆಂಡು

ದಯವಿಟ್ಟು ಮಧ್ಯದಲ್ಲಿ ಎದ್ದು ಹೋಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೈಯುವುದಿದ್ದರೆ ಬೈಯಿರಿ. ಅರ್ಧ ಕೇಳಿದವರು ಈಗಾಗಲೇ ಎರಡು ಪಂಗಡವಾಗಿದ್ದಾರೆ. ಒಂದು ಪಂಗಡ ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದೆ, ಇನ್ನೊಂದು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತದೆ. ಎರಡೂ ನನಗೆ ಸಹಿಸಲು ಆಗುತ್ತಿಲ್ಲ.

ನಾನು ನಮ್ಮ ಸಮುದಾಯ ರೇಡಿಯೋದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡುತ್ತೇನೆ. ಊರಿನ ನಾಟಕಗಳ ಬಗ್ಗೆ. ಊರಿನಲ್ಲಿ ಅಷ್ಟೊಂದು ನಾಟಕ ಎಲ್ಲಿದೆ ಎಂದು ನಗಬೇಡಿ. ಬಸ್ ಡಿಪೋದ ಡ್ರೈವರುಗಳದ್ದು ಒಂದು ತಂಡ ಇದೆ, ಕಿವುಡರ ಶಾಲೆಯದ್ದು ಒಂದಿದೆ, ಬರೀ ಅಜ್ಜಂದಿರೇ ಇರುವ ಒಂದು ತಂಡವಂತೂ ಎಷ್ಟು ಸಲ ಮಾತು ಮರೆತರೂ ನಿಲ್ಲಿಸುವುದಿಲ್ಲ. ನಮ್ಮ ಸ್ಟೇಷನ್ ಇರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಪ್ರಸಾರ ಶುರುವಾಗುವ ಮೊದಲು ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತೇವೆ. ಕೆಳಗಿನವರು ಸುತ್ತಿಗೆ ಕೆಳಗಿಡುತ್ತಾರೆ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದೇವೆ, ಸದ್ದು ಗುಂಯ್ ಎನ್ನಬಾರದಲ್ಲ, ಅದಕ್ಕೆ. ಆ ಕಂಬಳಿಗಳು ದೊಡ್ಡಾಸ್ಪತ್ರೆಯ ಲಾಂಡ್ರಿಯಿಂದ ಬಂದವು. ತಂದುಕೊಟ್ಟವರು ನನ್ನ ಚಿಕ್ಕಮ್ಮ. ಪ್ರತಿಯೊಂದರ ಮೂಲೆಯಲ್ಲೂ ವಾರ್ಡಿನ ನಂಬರ್ ಇದೆ. ಮೈಕಿನ ಮುಂದೆ ಕೂತರೆ ನಾನು ಯಾವಾಗಲೂ ಏಳನೇ ವಾರ್ಡ್.

ಚಿಕ್ಕಮ್ಮ ಆ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಇದ್ದರು. ಅಮ್ಮ, ಚಿಕ್ಕಮ್ಮ, ನಾನು, ಎರಡು ಕೋಣೆಯ ಮನೆ. ನಾನು ಅವರ ಜೊತೆ ಒಂದೇ ಮಂಚದಲ್ಲಿ ಮಲಗಿ ಬೆಳೆದವಳು. ರೇಡಿಯೋ ಸೇರುತ್ತೇನೆ ಎಂದಾಗ ಅಮ್ಮ, "ಇವಳ ಬಾಯಿಗೆ ಬ್ರೇಕ್ ಇಲ್ಲ, ಇನ್ನು ಇಡೀ ಊರಿಗೇ ಆಕ್ಸಿಡೆಂಟು" ಅಂದಿದ್ದಳು. ಚಿಕ್ಕಮ್ಮ ಮಾತ್ರ, "ಹೋಗ್ಲಿ ಬಿಡೆ, ಮನೇಲಿ ಸ್ವಲ್ಪ ಹೊತ್ತು ನೆಮ್ಮದಿ ಇರುತ್ತೆ" ಅಂತ ನಗುತ್ತಾ ಕಳಿಸಿಕೊಟ್ಟಿದ್ದರು.

ಲಾಂಡ್ರಿಯ ಆರು ಹೆಂಗಸರದ್ದು ಒಂದು ನಾಟಕ ತಂಡ. ಅದನ್ನು ಕಟ್ಟಿದವರು ದರ್ಜಿ ಮೇಷ್ಟ್ರು. ಮೂವತ್ತು ವರ್ಷ ಆಸ್ಪತ್ರೆಯ ಪರದೆ, ರೋಗಿಗಳ ನಿಲುವಂಗಿ ಹೊಲಿದು ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಹೊಲಿಗೆ ಕೋಣೆಯಲ್ಲಿ ಮಿಷನ್ನುಗಳನ್ನು ಗೋಡೆಗೆ ತಳ್ಳಿ ತಾಲೀಮು. ಅವರದ್ದೊಂದು ಪದ್ಧತಿ ಇತ್ತು, ನಾನು ಬೇರೆ ಯಾವ ತಂಡದಲ್ಲೂ ನೋಡಿಲ್ಲ. ಮೊದಲು ಹಸಿ ತಾಲೀಮು. ಬಾಗಿಲು ಹಾಕಿ, ಒಬ್ಬೊಬ್ಬರಾಗಿ ನಡುವೆ ನಿಂತು ತಮಗೆ ಆದದ್ದನ್ನು ತಮ್ಮ ಮಾತಿನಲ್ಲೇ ಹೇಳಬೇಕು. ನಟನೆ ಗಿಟನೆ ಏನೂ ಇಲ್ಲ. ಆಮೇಲೆ ಮೇಷ್ಟ್ರು ಆ ಕಥೆಗಳನ್ನು ಅದಲು ಬದಲು ಮಾಡಿ ಹಂಚುತ್ತಾರೆ. ಇವಳದ್ದು ಅವಳಿಗೆ, ಅವಳದ್ದು ಇನ್ನೊಬ್ಬಳಿಗೆ. ಅದು ಬೆಂದ ತಾಲೀಮು. ತನ್ನ ಕಥೆಯನ್ನು ತಾನೇ ರಂಗದ ಮೇಲೆ ಹೇಳುವ ಹಾಗಿಲ್ಲ.

"ಯಾಕೆ ಮೇಷ್ಟ್ರೇ?" ಅಂತ ಕೇಳಿದ್ದೆ.

"ಅವರವರ ಕಥೆ ಅವರವರ ಬಾಯಲ್ಲಿದ್ರೆ ಅದು ದೂರು ಕಣಮ್ಮ. ನಾಳೆ ಆಫೀಸಲ್ಲಿ ಕರೆದು ಕೇಳ್ತಾರೆ. ಇನ್ನೊಬ್ಬಳ ಬಾಯಲ್ಲಿದ್ರೆ ನಾಟಕ. ಯಾರನ್ನ ಹಿಡೀತಾರೆ? ಹೇಳಿದವಳಿಗೆ ಆಗಿಲ್ಲ, ಆದವಳು ಹೇಳಿಲ್ಲ."

ಆ ಭಾನುವಾರ ನಾನು ಹಸಿ ತಾಲೀಮಿಗೂ ರೆಕಾರ್ಡರ್ ತೆಗೆದುಕೊಂಡು ಹೋಗಿದ್ದೆ. ಯಾರ ದನಿ ಎಷ್ಟು ಜೋರು, ಮೈಕು ಎಲ್ಲಿಡಬೇಕು ಎಂದು ನೋಡಿಕೊಳ್ಳಲು.

"ಇದು ಹೊರಗೆ ಹೋಗಲ್ಲ ತಾನೇ?" ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಅಯ್ಯೋ ಇಲ್ಲ ಮೇಷ್ಟ್ರೇ. ದೇವರಾಣೆ."

"ದೇವರನ್ನ ಯಾಕೆ ಎಳೀತೀಯ, ಅವನಿಗೇನು ರೇಡಿಯೋ ಇದೆಯಾ?" ಅಂದಳು ಗುಂಡಕ್ಕ. ತಂಡದ ನಗೆಗಾತಿ ಅವಳು. ಎಲ್ಲರೂ ನಕ್ಕರು. ನಾನೂ.

ಆಮೇಲೆ ಚಿಕ್ಕಮ್ಮ ಎದ್ದು ನಿಂತರು. ಏಪ್ರನ್ ಬಿಚ್ಚಿರಲಿಲ್ಲ. ಕೈ ಎರಡೂ ಅದರ ಜೇಬಿನಲ್ಲಿ. ಅವರು ಹೇಳಿದ್ದು ಇಷ್ಟೇ, ನನಗೆ ಅಕ್ಷರಕ್ಕೆ ಅಕ್ಷರ ಬಾಯಿಪಾಠವಾಗಿಹೋಗಿದೆ:

"ರೋಲರ್ ಮುಂದೆ ಒಂದು ಕಂಬಿ ಇರುತ್ತೆ. ಬೆರಳು ತಾಗಿದ್ರೆ ಮಿಷನ್ ನಿಂತುಬಿಡುತ್ತೆ. ದಪ್ಪ ಹೊದಿಕೆ ಬಂದ್ರೂ ನಿಲ್ಲುತ್ತೆ. ಕೆಲಸ ಸಾಗಲ್ಲ, ಬಿಚ್ಚಾಕು ಅಂದ್ರು. ನಾನೇ ಸ್ಪ್ಯಾನರ್ ತಗೊಂಡು ಬಿಚ್ಚಿದೆ. ಎರಡೇ ಬೋಲ್ಟು. ಮಾರನೇ ದಿನ ಅವಳ ಕೈ ಹೋಯ್ತು. ಅವಳೇ ಬಿಚ್ಚಿದ್ದು ಅಂತ ಬರ್ಕೊಂಡ್ರು. ನಾನು ಅಲ್ಲೇ ನಿಂತಿದ್ದೆ. ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ."

ನಲವತ್ತು ಸೆಕೆಂಡು.

'ಅವಳು' ಎಂದರೆ ಪುಟ್ಟಿ. ಲಾಂಡ್ರಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಅದಕ್ಕೇ ಆ ಹೆಸರು. ಎಂಟು ತಿಂಗಳ ಹಿಂದೆ ಅವಳ ಬಲಗೈಯ ಮೂರು ಬೆರಳು ಹೊದಿಕೆಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿನೊಳಗೆ ಹೋಗಿತ್ತು. ಸುರಕ್ಷತೆಯ ಕಂಬಿಯನ್ನು ತಾನೇ ತೆಗೆದಳು, ತಪ್ಪು ಅವಳದೇ ಎಂದು ಅವಳನ್ನು ಕೆಲಸದಿಂದ ತೆಗೆದಿದ್ದರು. ಬಿಚ್ಚು ಎಂದವನು ಸೂಪರ್‌ವೈಸರ್. ಹೆಂಗಸರು ಅವನನ್ನು ಗಂಜಿ ಎನ್ನುತ್ತಾರೆ. ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದುಕೊಂಡೇ ನಡೆಯುತ್ತಾನೆ, ಕೂತರೆ ಎಲ್ಲಿ ಮುರಿದುಬಿಡುತ್ತಾನೋ ಅನಿಸುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಸ್ಪ್ಯಾನರ್ ಹಿಡಿದ ಕೈ ಯಾರದ್ದು ಎನ್ನುವುದು ಮಾತ್ರ ಅವತ್ತೇ ಗೊತ್ತಾದದ್ದು.

ಮನೆಗೆ ನಡೆದು ಹೋಗುವಾಗ ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಮುಂಗೈ ಒತ್ತಿ, "ಅದು ಅಲ್ಲಿಗೇ ಮುಗೀತು ಕಣೆ. ಆ ಕೋಣೆಯಲ್ಲೇ ಬಿಟ್ಟು ಬಂದಾಯ್ತು" ಅಂದರು.

ಮುಂದಿನ ಭಾನುವಾರ ಬೆಂದ ತಾಲೀಮು. ಚಿಕ್ಕಮ್ಮನ ಕಥೆ ಗುಂಡಕ್ಕನ ಪಾಲಿಗೆ ಬಂತು. ಈಗ ನನ್ನ ತಪ್ಪಿಗೆ ಬರುತ್ತೇನೆ. ಗುಂಡಕ್ಕ ರಂಗದ ಮೇಲೆ ಹುಲಿ. ಕಣ್ಣು, ಸೊಂಟ, ಕೈ ಎಲ್ಲ ಮಾತಾಡುತ್ತವೆ. ಆದರೆ ರೇಡಿಯೋದಲ್ಲಿ ಸೊಂಟ ಕಾಣುವುದಿಲ್ಲವಲ್ಲ. ಸ್ಟೇಷನ್ನಿನಲ್ಲಿ ಕೂತು ಕೇಳಿದರೆ ಬರೀ ದನಿ, ಅದೂ ತರಕಾರಿ ಗಾಡಿಯ ಮೇಲಿಂದ ಕೂಗಿದ ಹಾಗೆ. "ನಾನೇ ಬಿಚ್ಚಿದೆ!" ಎಂದಾಗ ಏನೋ ಪದಕ ಗೆದ್ದವಳಂತೆ ಕೇಳುತ್ತಿತ್ತು. ಮೂರು ಸಲ ಕತ್ತರಿಸಿ ಅಂಟಿಸಿದೆ. ಆಗಲಿಲ್ಲ. ಪಕ್ಕದಲ್ಲೇ ಹಸಿ ತಾಲೀಮಿನ ಕಡತ ಇತ್ತು. ಸುಮ್ಮನೆ ಒಂದು ಸಲ ಕೇಳಿದೆ. ಕೇಳಿದ ಮೇಲೆ ಮುಗಿಯಿತು.

ಒಂದೇ ಒಂದು ಹೆಸರಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಸ್ಪತ್ರೆಯ ಹೆಸರಿಲ್ಲ, ಗಂಜಿಯ ಹೆಸರಿಲ್ಲ, ಪುಟ್ಟಿಯದ್ದೂ ಇಲ್ಲ. ನಾಟಕದ ತುಣುಕು ಎಂದು ಮೊದಲೇ ಹೇಳುತ್ತೇನೆ. ಏನಾಗುತ್ತದೆ? ದನಿಗಿಂತ ದೊಡ್ಡ ಹೆಸರಿಲ್ಲ ಎನ್ನುವುದು ದಿನವಿಡೀ ದನಿಗಳ ಜೊತೆಯೇ ಬದುಕುವ ನನಗೆ ಹೊಳೆಯಲಿಲ್ಲ. ಚಪ್ಪಲಿ ಹೊಲಿಯುವವನೇ ಬರಿಗಾಲಲ್ಲಿ ಓಡಾಡಿದ ಹಾಗೆ.

ನಮ್ಮ ಸ್ಟೇಷನ್ ನಡೆಸುವ ದೊಡ್ಡಕ್ಕ ಪ್ರಸಾರಕ್ಕೆ ಮೊದಲು ಎಲ್ಲವನ್ನೂ ಪೂರ್ತಿ ಕೇಳುತ್ತಾರೆ. ಹೆಡ್‌ಫೋನ್ ತೆಗೆದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಯಾರೇ ಇವಳು, ಚಟಪಟ? ಎಷ್ಟು ಚೆನ್ನಾಗಿ ಆಕ್ಟ್ ಮಾಡಿದಾಳೆ!"

ಚಟಪಟ ಎಂದರೆ ನಾನು, ಸ್ಟೇಷನ್ನಿನಲ್ಲಿ ಎಲ್ಲರೂ ಹಾಗೇ ಕರೆಯುವುದು. ಹಸಿ, ಬೆಂದ ಎನ್ನುವುದೆಲ್ಲ ದೊಡ್ಡಕ್ಕನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. "ನಮ್ಮ ಚಿಕ್ಕಮ್ಮ" ಅಂದೆ. ಹೆಮ್ಮೆಯಿಂದಲೇ ಅಂದೆ, ಸುಳ್ಳು ಯಾಕೆ ಹೇಳಲಿ.

ಶನಿವಾರ ಹನ್ನೊಂದಕ್ಕೆ ಕೋಲಿನಿಂದ ಎರಡು ಸಲ ಕುಟ್ಟಿದೆ. ಕೆಳಗೆ ಸುತ್ತಿಗೆ ನಿಂತಿತು. ಕಾರ್ಯಕ್ರಮ ಹೋಯಿತು.

ಹನ್ನೆರಡೂವರೆಗೆ ಮನೆಗೆ ಹೋದರೆ ಚಿಕ್ಕಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಅವರ ಪಾಳಿ ಮುಗಿಯುವುದು ಮೂರಕ್ಕೆ. ಅಮ್ಮ ಒಲೆ ಆರಿಸಿ ನಿಂತಿದ್ದಳು.

"ಲಾಂಡ್ರಿಯಲ್ಲಿ ದಿನಾ ನಿಮ್ಮ ರೇಡಿಯೋನೇ ಹಾಕಿರೋದು, ಗೊತ್ತಲ್ಲ ನಿಂಗೆ?" ಅಂದರು ಚಿಕ್ಕಮ್ಮ. ದನಿ ಜೋರಿರಲಿಲ್ಲ. "ನಾನು ದಿಂಬಿನ ಕವರು ಮಡಿಸ್ತಿದ್ದೆ. ನನ್ನ ದನಿ ನನ್ನ ತಲೆ ಮೇಲಿಂದ ಬಂತು. ಎಲ್ಲರೂ ಕೈ ನಿಲ್ಸಿ ನನ್ನೇ ನೋಡಿದ್ರು. ಗಂಜಿ ಬಂದು ವಾಲ್ಯೂಮ್ ಜಾಸ್ತಿ ಮಾಡ್ದ."

"ಚಿಕ್ಕಮ್ಮ, ಹೆಸರು ಇರ್ಲಿಲ್ಲ..."

"ಹೆಸರಂತೆ ಹೆಸರು!" ಅಂದಳು ಅಮ್ಮ. "ಹೆತ್ತೋಳು ನಾನು, ಇವಳು ಬಚ್ಚಲಲ್ಲಿ ಸೀನಿದ್ರೆ ಇವಳೇ ಅಂತ ಗೊತ್ತಾಗುತ್ತೆ. ಹನ್ನೊಂದು ವರ್ಷ ಜೊತೆಗೆ ದುಡಿದೋರಿಗೆ ಗೊತ್ತಾಗಲ್ವಾ?"

"ಇವರನ್ನ ನೀನೆಲ್ಲಿ ಹೆತ್ತೆ, ಇವರು ನಿನ್ನ ತಂಗಿ" ಎನ್ನಬೇಕೆಂದು ಬಾಯಿಗೆ ಬಂತು. ಅಮ್ಮ ಕೋಪದಲ್ಲಿ ಯಾವಾಗಲೂ ಹೀಗೆ ಗೊಂದಲ ಮಾಡಿಕೊಳ್ಳುತ್ತಾಳೆ. ಬೇರೆ ದಿನವಾಗಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದೆವು.

ಗಂಜಿ ಚಿಕ್ಕಮ್ಮನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು ಕೂರಿಸಿದನಂತೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. "ನಾಟಕ ಅಲ್ವೇನಮ್ಮ ಅದು? ಬರೀ ಕಲ್ಪನೆ ಅಂತ ಬರೆದುಕೊಟ್ಟುಬಿಡಿ. ಇಲ್ಲಾ ನಿಜ ಅಂತೀರಾ? ಹಾಗಾದ್ರೆ ಬಿಚ್ಚಿದೋರು ನೀವೇ ಅಂತಾಯ್ತು" ಅಂದನಂತೆ. ಚಿಕ್ಕಮ್ಮ ಬರೆದುಕೊಟ್ಟು, ತಲೆನೋವು ಎಂದು ಹೇಳಿ ಬಂದಿದ್ದರು.

"ಅದನ್ನ ಅಳಿಸಿಬಿಡು" ಅಂದರು. "ನನ್ನ ಎದುರಿಗೇ ಅಳಿಸು."

ನಾನು ಚೀಲದಿಂದ ರೆಕಾರ್ಡರ್ ತೆಗೆದು, ಅವರ ಪಕ್ಕ ಹೊಸ್ತಿಲ ಮೇಲೇ ಕೂತು, ಗುಂಡಿ ಒತ್ತಿದೆ. ಪರದೆ ಖಾಲಿಯಾಯಿತು. ಚಿಕ್ಕಮ್ಮ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು.

ಪ್ರಸಾರವಾದದ್ದರ ನಕಲನ್ನು ಮೂರು ತಿಂಗಳು ಇಡುವುದು ನಮ್ಮಲ್ಲಿ ಕಡ್ಡಾಯ. ಸ್ಟೇಷನ್ನಿನ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು, ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಮುಚ್ಚಿಡಬೇಕು ಎಂದಲ್ಲ. ಅವರ ಮುಖ ಸ್ವಲ್ಪ ಸಡಿಲವಾಗಿತ್ತು, ಅದನ್ನು ಮತ್ತೆ ಬಿಗಿಯಾಗಿಸಲು ಮನಸ್ಸಾಗಲಿಲ್ಲ, ಅಷ್ಟೇ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ದೊಡ್ಡಕ್ಕ ಪರವಾನಗಿಯ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಮೆಟ್ಟಿಲ ಮೇಲೆ ನಿಧಾನವಾಗಿ ಹೆಜ್ಜೆ ಸದ್ದು. ನೋಡಿದರೆ ಪುಟ್ಟಿ. ಬಲಗೈಯನ್ನು ದುಪ್ಪಟ್ಟದ ಒಳಗೆ ಇಟ್ಟುಕೊಂಡಿದ್ದಳು.

"ಅಕ್ಕ, ಶನಿವಾರ ಏನೋ ಬಂತಂತೆ. ನಾವು ಕೇಳ್ಲಿಲ್ಲ. ಎದುರು ಮನೆಯವ್ರು ಹೇಳಿದ್ರು. ಒಂದೇ ಒಂದ್ಸಲ ಕೇಳಿಸ್ತೀರಾ?"

ಇಲ್ಲ ಎನ್ನಬಹುದಿತ್ತು. ಅಳಿಸಿದ್ದೇನೆ ಎಂದೂ ಹೇಳಬಹುದಿತ್ತು. ಆದರೆ ಊರೆಲ್ಲ ಕೇಳಿದ್ದನ್ನು ಇವಳೊಬ್ಬಳಿಗೆ ಹೇಗೆ ಇಲ್ಲ ಎನ್ನುವುದು? ಕುರ್ಚಿ ಎಳೆದು ಕೂರಿಸಿದೆ. ಹೆಡ್‌ಫೋನನ್ನು ಅವಳು ಎಡಗೈಯಿಂದ ತಲೆಗೆ ಹಾಕಿಕೊಳ್ಳಲು ಹೋಗಿ ಕೂದಲಿಗೆ ಸಿಕ್ಕಿಸಿಕೊಂಡಳು. ನಾನು ಬಿಡಿಸಿ ಸರಿಯಾಗಿ ಕೂರಿಸಿದೆ. ನಲವತ್ತು ಸೆಕೆಂಡು ಓಡಿತು. ಆಮೇಲೆ "ಇನ್ನೊಂದ್ಸಲ" ಎಂದು ಬೆರಳೆತ್ತಿದಳು. ಮತ್ತೆ ಹಾಕಿದೆ.

"ನಿಮ್ಮ ಚಿಕ್ಕಮ್ಮ ಅಲ್ವಾ ಅಕ್ಕ ಇದು?"

ನಾನು ಕಂಪ್ಯೂಟರಿನಲ್ಲಿ ಆ ಕಡತ ಮುಚ್ಚಿದೆ.

"ನಾನು ವಾರ್ಡಲ್ಲಿದ್ದಾಗ ದಿನಾ ಬರೋರು. ಪಾಳಿ ಮುಗಿಸ್ಕೊಂಡು ಬಂದು ನನ್ನ ತಲೆ ಬಾಚಿ ಜಡೆ ಹಾಕೋರು. ಒಂದಿನಾನೂ ತಪ್ಪಿಸ್ಲಿಲ್ಲ. ನಮ್ಮಮ್ಮ, ಎಂಥ ಪುಣ್ಯಾತ್ಗಿತ್ತಿ ಅನ್ನೋಳು." ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಅದರ ಮೆತ್ತೆಯನ್ನು ಒತ್ತುತ್ತಾ ಕೂತಳು. "ಅಕ್ಕ, ಒಂದು ಮಾತು ಹೇಳ್ತೀನಿ, ನಗಬೇಡಿ. ಎಲ್ಲರೂ ನೀನೇ ಬಿಚ್ಚಿದ್ದು, ನೀನೇ ಬಿಚ್ಚಿದ್ದು ಅಂದೂ ಅಂದೂ, ನಂಗೂ ಹಾಗೇ ನೆನಪಾಗೋಕೆ ಶುರುವಾಗಿತ್ತು. ಸ್ಪ್ಯಾನರ್ ಹಿಡಿದಿದ್ದು, ಅದು ತಣ್ಣಗಿದ್ದಿದ್ದು, ಎಲ್ಲಾ. ನಮ್ಮಮ್ಮನ ಹತ್ರಾನೂ ಹೂಂ ನಾನೇ ಇರ್ಬೇಕು ಅಂದುಬಿಟ್ಟಿದ್ದೆ. ನಾನು ಬಿಚ್ಚೇ ಇಲ್ಲ ಅಲ್ವಾ ಅಕ್ಕ?"

"ಇಲ್ಲ ಪುಟ್ಟಿ."

"ನಾನು ಮುಟ್ಟೇ ಇಲ್ಲ."

"ಇಲ್ಲ."

ಅವಳು ಅಳಲಿಲ್ಲ. ಬಾಯಲ್ಲಿ ಏನೋ ಎಣಿಸುತ್ತಿರುವವಳಂತೆ ತುಟಿ ಅಲ್ಲಾಡಿಸಿದಳು. ಮಾರನೇ ದಿನ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ತನ್ನ ಅಪಘಾತದ ಕೊನೆಯ ವಿಚಾರಣೆ ಎಂದಳು. ಅದರಲ್ಲಿ ಏನು ಬರೆಯುತ್ತಾರೋ ಅದೇ ಶಾಶ್ವತ. ತಪ್ಪು ಅವಳದೇ ಎಂದಾದರೆ ಆಸ್ಪತ್ರೆಯಲ್ಲಂತೂ ಇಲ್ಲ, ಬೇರೆ ಎಲ್ಲೂ ಮಿಷನ್ನಿನ ಹತ್ತಿರ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ನಕಲು ಕೊಡಿ ಎಂದು ಅವಳು ಕೇಳಲಿಲ್ಲ. ಅದನ್ನು ಒತ್ತಿ ಹೇಳುತ್ತೇನೆ. ಎದ್ದು, "ಬರ್ತೀನಿ ಅಕ್ಕ" ಎಂದು ಬಾಗಿಲ ತನಕ ಹೋದಳು.

"ಒಂದು ನಿಮಿಷ ಇರು" ಅಂದವಳು ನಾನು.

ಅಲ್ಲಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಚಿಕ್ಕಮ್ಮ ಅವತ್ತು ಬೆಳಗಿನ ಪಾಳಿ ಮುಗಿಸಿ ಮೂರೂಕಾಲಿಗೆ ಮನೆಯಲ್ಲಿರುತ್ತಿದ್ದರು. ಪುಟ್ಟಿಯನ್ನು ಕೂರಿಸಿ ಹೋಗಿ ಕೇಳಿ ಬರಬಹುದಿತ್ತು. ಸಂಜೆ ಅವಳ ಮನೆಗೇ ಕೊಟ್ಟು ಬರಬಹುದಿತ್ತು. ನಾನು ಹೋಗಲಿಲ್ಲ. ಯಾಕೆಂದರೆ ಚಿಕ್ಕಮ್ಮ ಬೇಡ ಅಂತಾರೆ ಎಂದು ನನಗೆ ಖಾತ್ರಿ ಇತ್ತು. ಬೇಡ ಅಂದ ಮೇಲೆ ಕೊಡಲು ನನ್ನ ಕೈಲಿ ಆಗುವುದಿಲ್ಲ ಎನ್ನುವುದೂ ಗೊತ್ತಿತ್ತು. ಅದಕ್ಕೇ ಕೇಳದೆ, ಪೆನ್‌ಡ್ರೈವಿಗೆ ಹಾಕಿ, ಅವಳ ಎಡಗೈಯಲ್ಲಿಟ್ಟು ಮುಷ್ಟಿ ಮುಚ್ಚಿದೆ.

ಸಂಜೆ ಚಿಕ್ಕಮ್ಮನ ಜೊತೆ ಕೂತು ಊಟ ಮಾಡಿದೆ. ಅವರು ಗುಂಡಕ್ಕನ ಯಾವುದೋ ಜೋಕು ಹೇಳಿದರು. ಶನಿವಾರದ ನಂತರ ಮೊದಲನೇ ಸಲ ನಕ್ಕಿದ್ದರು. ಆಗಲಾದರೂ ಹೇಳಬಹುದಿತ್ತು. ಚಟಪಟ ಎಂದು ಹೆಸರು ಪಡೆದ ನನ್ನ ಬಾಯಿ ಅವತ್ತು ಅನ್ನ ಅಗಿಯಿತು, ಅಷ್ಟೇ.

ಬುಧವಾರ ಹತ್ತೂವರೆಗೆ ಚಿಕ್ಕಮ್ಮನನ್ನು ಮಿಷನ್ನಿನ ಮುಂದಿನಿಂದ ಕರೆದೊಯ್ದರಂತೆ. ಒಂದು ಕಡೆ ಅವರು ಬರೆದುಕೊಟ್ಟ ಕಾಗದ, ಇನ್ನೊಂದು ಕಡೆ ಅವರ ದನಿ. ಮೇಜಿನ ಆಚೆ ವಿಚಾರಣೆ ಮಾಡುವ ಮೂವರು, ಈಚೆ ಪುಟ್ಟಿ, ಅವಳ ತಾಯಿ, ಪಕ್ಕಕ್ಕೆ ಗಂಜಿ. ಚಿಕ್ಕಮ್ಮ ದನಿಯೇ ನಿಜ ಅಂದರು. ಬಿಚ್ಚು ಎಂದವರು ಯಾರು ಎಂದು ಕೇಳಿದ್ದಕ್ಕೆ ಗಂಜಿಯ ಕಡೆ ತೋರಿಸಿದರು. ಗಂಜಿ, "ನಾನು ಯಾವಾಗಮ್ಮ ಅಂದೆ? ಸಾಕ್ಷಿ ಇದೆಯಾ?" ಅಂದ. ಇರಲಿಲ್ಲ. ಧ್ವನಿಯಲ್ಲೂ 'ಅಂದ್ರು' ಎಂದಷ್ಟೇ ಇದೆ. ಯಾರು ಎಂದಿಲ್ಲ. ಹೆಸರಿಲ್ಲ ಎಂದು ನಾನು ಅವತ್ತು ಎಷ್ಟು ನಿರಾಳವಾಗಿದ್ದೆ ನೋಡಿ.

ಪುಟ್ಟಿಯ ಮೇಲಿನ ತಪ್ಪು ಹೋಯಿತು. ಅವಳಿಗೆ ಮಡಿಸುವ ವಿಭಾಗದಲ್ಲಿ ಕೆಲಸ ವಾಪಸ್ಸು ಕೊಟ್ಟರು. ಚಿಕ್ಕಮ್ಮನ ಕೆಲಸ ಹೋಯಿತು. ಗಂಜಿ ಅಲ್ಲೇ ಇದ್ದಾನೆ, ಸೆಟೆದುಕೊಂಡೇ ಇದ್ದಾನೆ.

ಭಾನುವಾರ ಹೊಲಿಗೆ ಕೋಣೆಗೆ ಹೋದೆ. ಮೇಷ್ಟ್ರು ಬೈಯಲಿಲ್ಲ. "ಇನ್ನು ಯಾರೂ ಹಸಿ ಮಾತಾಡ್ತಿಲ್ಲಮ್ಮ. ಎಲ್ಲರೂ ನಿಂತ್ಕೊಂಡು ನಿಮ್ಮ ಕೈ ನೋಡ್ತಾರೆ, ಏನಾದ್ರೂ ಹಿಡ್ಕೊಂಡಿದೀರಾ ಅಂತ" ಅಂದರು. ಯಾವಾಗಲೂ 'ನೀನು' ಎನ್ನುತ್ತಿದ್ದವರು 'ನಿಮ್ಮ' ಎಂದರು. ಮೆಟ್ಟಿಲಿಳಿದು ಬಂದೆ. ದೊಡ್ಡಕ್ಕ ಪೂರ್ತಿ ವಿಷಯ ಕೇಳಿ, "ಕಾರ್ಯಕ್ರಮ ನಿಲ್ಸೋದು ಬೇಡ. ಆದ್ರೆ ನನ್ನಿಂದ ಏನನ್ನೂ ಮುಚ್ಚಿಡಬೇಡ" ಅಂದರು. ಪುಟ್ಟಿಯ ಅಮ್ಮ ದಾರಿಯಲ್ಲಿ ಸಿಕ್ಕಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಕೈ ಬಿಡಿಸಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು.

ಚಿಕ್ಕಮ್ಮ ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕನೆಯ ದಿನ, ಅಮ್ಮ ಹೊರಗೆ ಬಟ್ಟೆ ಒಣಗಿಸುತ್ತಿದ್ದಾಗ, ನಾನೇ ಹೋಗಿ ಅವರ ಎದುರು ಕೂತೆ.

"ಬೈಯಿರಿ ಚಿಕ್ಕಮ್ಮ. ಹೊಡೀರಿ ಬೇಕಾದ್ರೆ."

"ಯಾಕೆ ಹೊಡೀಲಿ? ಪುಟ್ಟಿಗೆ ಕೊಟ್ಟಿದ್ದು ತಪ್ಪು ಅಂತ ನಾನಂದ್ನಾ? ಅವಳ ಕೈ ತಿಂದ ಕೈ ಇದು." ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಆದ್ರೆ ನನ್ನೊಂದು ಮಾತು ಕೇಳ್ಬೇಕಿತ್ತು ಕಣೆ."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ನೋ ಏನೋ. ಅಥವಾ ಮಾರನೇ ದಿನ ನಾನೇ ಹೋಗಿ, ಬಾಗಿಲು ತಟ್ಟಿ, ನಾನೇ ಬಿಚ್ಚಿದೆ, ಇವನೇ ಬಿಚ್ಚಿಸಿದ್ದು ಅಂತ ಅವಳ ಮುಖ ನೋಡಿ ಹೇಳ್ತಿದ್ನೋ ಏನೋ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂತ್ಲೇ ಎದ್ದಿದೀನಿ. ನಾನಾಗಿ ಹೋಗಿದ್ರೆ ನಾನು ಹೇಳಿದೋಳು. ಈಗ ನಾನು ಸಿಕ್ಕಿಬಿದ್ದೋಳು." ಸೆರಗು ಸಿಕ್ಕಿಸಿಕೊಳ್ಳುತ್ತಾ, "ಹೇಳ್ತಿದ್ನೋ ಇಲ್ವೋ, ಇನ್ಮೇಲೆ ನಂಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ" ಅಂದು, ಎದ್ದು ಅಮ್ಮನಿಗೆ ಬಟ್ಟೆ ಹಿಂಡಲು ಹೋದರು.

ಎಂಟು ತಿಂಗಳು ಹೇಳದವರು ಒಂದು ರಾತ್ರಿಯಲ್ಲಿ ಹೇಳುತ್ತಿದ್ದರೇ ಎಂದು ನನ್ನ ತಲೆ ಕೇಳುತ್ತದೆ. ಪುಟ್ಟಿ ವಾರ್ಡಿನಲ್ಲಿದ್ದಷ್ಟೂ ದಿನ ಹೋಗಿ ಜಡೆ ಹಾಕಿದವರು ಅವರೇ ಅಲ್ಲವೇ ಎಂದು ಅದೇ ತಲೆ ಮರುಗಳಿಗೆಗೆ ಕೇಳುತ್ತದೆ. ಅದಕ್ಕೇ ನಿಮ್ಮನ್ನು ಇಷ್ಟು ಹೊತ್ತು ಹಿಡಿದು ಕೂರಿಸಿದ್ದು. ಪುಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಮನೆ ಹತ್ತು ನಿಮಿಷದ ದಾರಿ. ನೀವು ಹೋಗಿ ಕೇಳುತ್ತಿದ್ದಿರಾ? ಕೇಳಿ, ಅವರು ಬೇಡ ಅಂದಿದ್ದರೆ, ಆಗ ಏನು ಮಾಡುತ್ತಿದ್ದಿರಿ?